ಆಸ್ಪತ್ರೆವಾಸದ ನಂತರದ ದೇಹತೂಕ ಬದಲಾವಣೆ ಮತ್ತು ದೇಹಬಿಂಬ

ಆಸ್ಪತ್ರೆವಾಸದ ನಂತರದ ದೇಹತೂಕ ಬದಲಾವಣೆ ಎಂದರೆ ಕಾಯಿಲೆ, ಅಪಘಾತ ಅಥವಾ ಶಸ್ತ್ರಚಿಕಿತ್ಸೆಯ ನಿಮಿತ್ತ ಒಳರೋಗಿಯಾಗಿದ್ದು ಮನೆಗೆ ಮರಳಿದ ವ್ಯಕ್ತಿಯಲ್ಲಿ ಕಂಡುಬರುವ ತೂಕದ ಇಳಿಕೆ ಅಥವಾ ಏರಿಕೆ. ಇದರೊಂದಿಗೆ ಮುಖದ ಆಕಾರ, ಕೂದಲು, ಚರ್ಮ ಮತ್ತು ನಡಿಗೆಯಲ್ಲಿಯೂ ವ್ಯತ್ಯಾಸಗಳಾಗುತ್ತವೆ. ಈ ವ್ಯತ್ಯಾಸಗಳಿಂದಾಗಿ ವ್ಯಕ್ತಿಯು ತನ್ನ ದೇಹದ ಬಗ್ಗೆ ಮನಸ್ಸಿನಲ್ಲಿ ಇರಿಸಿಕೊಂಡಿದ್ದ ಚಿತ್ರಕ್ಕೂ ಕನ್ನಡಿಯಲ್ಲಿ ಕಾಣುವ ರೂಪಕ್ಕೂ ಹೊಂದಾಣಿಕೆ ತಪ್ಪುತ್ತದೆ. ಮನಸ್ಸಿನಲ್ಲಿರುವ ಆ ಚಿತ್ರವನ್ನು ದೇಹಬಿಂಬ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಬಾಡಿ ಇಮೇಜ್ ಎಂಬ ಹೆಸರಿದೆ.

ಈ ಬದಲಾವಣೆಗಳಲ್ಲಿ ಹೆಚ್ಚಿನವು ತಾತ್ಕಾಲಿಕವಾದವು. ಆದರೆ ಅವು ಸರಿಯಾಗಲು ವಾರಗಳಲ್ಲ, ತಿಂಗಳುಗಳು ಬೇಕಾಗುತ್ತವೆ. ತೂಕದ ಯಂತ್ರ ತೋರಿಸುವ ಸಂಖ್ಯೆಯೊಂದನ್ನೇ ನಂಬಿದರೆ ಚೇತರಿಕೆಯ ಬಗ್ಗೆ ತಪ್ಪು ತಿಳಿವಳಿಕೆ ಉಂಟಾಗುವ ಸಂಭವವಿದೆ. ದೇಹದಲ್ಲಿ ಹೆಚ್ಚಿದ್ದು ಅಥವಾ ಕಡಿಮೆಯಾದದ್ದು ನೀರೋ, ಕೊಬ್ಬೋ, ಸ್ನಾಯುವೋ ಎಂಬುದನ್ನು ಆ ಸಂಖ್ಯೆ ತಿಳಿಸುವುದಿಲ್ಲ.

ಪರಿಕಲ್ಪನೆಯ ಹಿನ್ನೆಲೆ

ದೇಹದ ಕುರಿತಾದ ಮಾನಸಿಕ ಚಿತ್ರದ ಅಧ್ಯಯನ ನರವಿಜ್ಞಾನದಿಂದ ಆರಂಭವಾಯಿತು. 1911ರಲ್ಲಿ ಬ್ರಿಟಿಷ್ ನರವೈದ್ಯರಾದ ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ ಅವರು, ಕೈಕಾಲುಗಳು ಎಲ್ಲಿವೆ, ಹೇಗಿವೆ ಎಂಬುದನ್ನು ಮಿದುಳು ಸದಾ ಲೆಕ್ಕವಿಡುತ್ತಿರುತ್ತದೆ ಎಂಬ ವಿಚಾರವನ್ನು ಮಂಡಿಸಿದರು. ವಿಯೆನ್ನಾ ಮೂಲದ ಮನೋವೈದ್ಯ ಪೌಲ್ ಶಿಲ್ಡರ್ ಅವರು 1935ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರವನ್ನು ಮನಸ್ಸು ಮತ್ತು ಸಮಾಜಗಳಿಗೆ ವಿಸ್ತರಿಸಿದರು. ದೇಹಬಿಂಬವು ಕೇವಲ ಇಂದ್ರಿಯಾನುಭವದಿಂದ ರೂಪುಗೊಳ್ಳುವುದಿಲ್ಲ. ಭಾವನೆಗಳು ಮತ್ತು ಇತರರೊಡನೆಯ ಸಂಬಂಧಗಳೂ ಅದನ್ನು ರೂಪಿಸುತ್ತವೆ ಎಂಬುದು ಅವರ ಪ್ರತಿಪಾದನೆಯಾಗಿತ್ತು.

ಆಸ್ಪತ್ರೆಯಿಂದ ಮರಳಿದವರ ಅನುಭವವನ್ನು ಅರಿಯಲು ಈ ಹಿನ್ನೆಲೆ ನೆರವಾಗುತ್ತದೆ. ವಯಸ್ಸಾಗುವಿಕೆಯಿಂದ ದೇಹ ನಿಧಾನವಾಗಿ ಬದಲಾದಾಗ ಮನಸ್ಸಿನ ಚಿತ್ರವೂ ಅದರ ಜೊತೆಗೇ ಬದಲಾಗುತ್ತ ಹೋಗುತ್ತದೆ. ಎರಡು ಮೂರು ವಾರಗಳಲ್ಲಿ ದೇಹ ಬದಲಾದಾಗ ಮನಸ್ಸು ಹಿಂದೆ ಉಳಿಯುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಕನ್ನಡಿಯ ಬಳಕೆ ಕಡಿಮೆ; ರೋಗಿ ಧರಿಸುವುದು ಸಡಿಲವಾದ ಉಡುಪನ್ನು. ಹೀಗಾಗಿ ಮನೆಗೆ ಬಂದು ಹಳೆಯ ಬಟ್ಟೆ ಧರಿಸಿದಾಗ, ಉಂಗುರ ಜಾರಿ ಬಿದ್ದಾಗ ಅಥವಾ ರವಿಕೆ ಬಿಗಿಯಾದಾಗ ಬದಲಾವಣೆಯು ಒಮ್ಮೆಲೇ ಅರಿವಿಗೆ ಬರುತ್ತದೆ.

ತೂಕ ಇಳಿಕೆಗೆ ಕಾರಣಗಳು

ತೀವ್ರ ಸೋಂಕು, ಗಾಯ ಅಥವಾ ದೊಡ್ಡ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ದೇಹದ ಅಗತ್ಯಗಳು ಹೆಚ್ಚುತ್ತವೆ. ಗಾಯ ಮಾಯಲು ಹಾಗೂ ರೋಗನಿರೋಧಕ ವ್ಯವಸ್ಥೆ ಕೆಲಸ ಮಾಡಲು ಬೇಕಾದ ಅಮೈನೋ ಆಮ್ಲಗಳನ್ನು ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿ ಪಡೆಯುತ್ತದೆ. ಇದೇ ಸಮಯದಲ್ಲಿ ಹಸಿವು ಕುಗ್ಗಿರುತ್ತದೆ, ನಾಲಗೆಗೆ ರುಚಿ ಇರುವುದಿಲ್ಲ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮತ್ತು ಅರಿವಳಿಕೆಗಾಗಿ ಪದೇ ಪದೇ ಉಪವಾಸವಿರಬೇಕಾಗುತ್ತದೆ.

ಹಾಸಿಗೆಯಲ್ಲಿ ಮಲಗಿರುವುದು ಕೂಡ ಸ್ನಾಯುನಷ್ಟಕ್ಕೆ ಪ್ರಬಲ ಕಾರಣ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಯಾವುದೇ ಕಾಯಿಲೆಯಿಲ್ಲದ ಹಿರಿಯ ವಯಸ್ಸಿನ ಸ್ವಯಂಸೇವಕರು 10 ದಿನ ಹಾಸಿಗೆಯಲ್ಲಿಯೇ ಇದ್ದರು. ಅಷ್ಟರಲ್ಲಿ ಅವರ ಕಾಲುಗಳಿಂದಲೇ ಸುಮಾರು 1 ಕಿಲೋಗ್ರಾಂ ಕೊಬ್ಬುರಹಿತ ಅಂಗಾಂಶ ನಷ್ಟವಾಯಿತು. ತೀವ್ರ ನಿಗಾ ಘಟಕದಲ್ಲಿರುವ ರೋಗಿಗಳಲ್ಲಿ ನಷ್ಟ ಇನ್ನೂ ವೇಗವಾಗಿರುತ್ತದೆ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವು ತೊಡೆಯ ಮುಂಭಾಗದ ಸ್ನಾಯುವಿನ ಗಾತ್ರವನ್ನು ಅಲ್ಟ್ರಾಸೌಂಡ್ ಮೂಲಕ ಅಳೆಯಿತು. ಹತ್ತನೆಯ ದಿನದ ಹೊತ್ತಿಗೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸರಾಸರಿ ಶೇಕಡ 17ಕ್ಕಿಂತ ಹೆಚ್ಚು ಕುಗ್ಗಿತ್ತು.

ಈ ಕಾರಣದಿಂದಲೇ ಆಸ್ಪತ್ರೆಯಿಂದ ಬಂದವರ ತೊಡೆ, ಮೀನಖಂಡ, ಭುಜ ಮತ್ತು ಕೆನ್ನೆಗಳು ಸೊರಗಿದಂತೆ ಕಾಣುತ್ತವೆ. ಚಾಪೆಯಿಂದ ಏಳಲು, ಮೆಟ್ಟಿಲು ಹತ್ತಲು, ಬಿಂದಿಗೆ ಎತ್ತಲು ಆಗದಿರುವುದಕ್ಕೆ ಇಚ್ಛಾಶಕ್ತಿಯ ಕೊರತೆ ಕಾರಣವಲ್ಲ. ಆ ಕೆಲಸ ಮಾಡಬೇಕಾದ ಸ್ನಾಯುವೇ ಕಡಿಮೆಯಾಗಿರುತ್ತದೆ.

ತೂಕ ಏರಿಕೆ ಮತ್ತು ಊತ

ಎಲ್ಲ ರೋಗಿಗಳೂ ತೂಕ ಕಳೆದುಕೊಳ್ಳುವುದಿಲ್ಲ. ಕೆಲವರ ತೂಕ ದಾಖಲಾದ ದಿನಕ್ಕಿಂತ ಹೆಚ್ಚಾಗಿರುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ದ್ರವಸಂಗ್ರಹ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ರಕ್ತನಾಳದ ಮೂಲಕ ನೀಡುವ ಸಾಮಾನ್ಯ ಸಲೈನಿನ ಪ್ರತಿ ಲೀಟರಿನಲ್ಲಿ 9 ಗ್ರಾಂ ಉಪ್ಪು ಇರುತ್ತದೆ. ವಯಸ್ಕರು ಇಡೀ ದಿನದಲ್ಲಿ ಸೇವಿಸುವ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೀವ ಉಳಿಸಲು ಈ ದ್ರವ ಅನಿವಾರ್ಯವಾಗಿದ್ದರೂ, ಅದರ ಒಂದು ಭಾಗ ಕಾಲು, ಕೈ ಮತ್ತು ಮುಖದಲ್ಲಿ ಊತವಾಗಿ ಉಳಿಯಬಹುದು. ಸಾಮಾನ್ಯವಾಗಿ ಮೂತ್ರಪಿಂಡಗಳು ಇದನ್ನು ಕೆಲವು ದಿನಗಳಲ್ಲಿ ಹೊರಹಾಕುತ್ತವೆ.

ಎರಡನೆಯದು ಔಷಧಗಳು. ಅಸ್ತಮಾ, ಸಂಧಿವಾತ, ಮೂತ್ರಪಿಂಡದ ಕೆಲವು ಕಾಯಿಲೆಗಳು ಮತ್ತು ಅಂಗಾಂಗ ಕಸಿಯ ಚಿಕಿತ್ಸೆಯಲ್ಲಿ ಪ್ರೆಡ್ನಿಸೊಲೋನ್ ಮೊದಲಾದ ಸ್ಟೀರಾಯ್ಡ್‌ಗಳನ್ನು ಬಳಸುತ್ತಾರೆ. ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಸೇವಿಸಿದಾಗ ಇವು ಹಸಿವನ್ನು ಹೆಚ್ಚಿಸುತ್ತವೆ, ಉಪ್ಪು ಮತ್ತು ನೀರನ್ನು ದೇಹದಲ್ಲಿ ಹಿಡಿದಿಡುತ್ತವೆ, ಕೊಬ್ಬನ್ನು ಮುಖ, ಕತ್ತಿನ ಹಿಂಭಾಗ ಮತ್ತು ಹೊಟ್ಟೆಯ ಕಡೆಗೆ ಸಾಗಿಸುತ್ತವೆ. ಅದೇ ವೇಳೆಗೆ ತೋಳು ಮತ್ತು ತೊಡೆಗಳ ಸ್ನಾಯುಗಳು ತೆಳುವಾಗುತ್ತವೆ. ಹುಣ್ಣಿಮೆಯ ಚಂದ್ರನಂತೆ ಮುಖ ದುಂಡಗಾಗುವ ಈ ಲಕ್ಷಣಸಮೂಹವನ್ನು, ದೇಹದೊಳಗೇ ಇಂಥ ಹಾರ್ಮೋನು ಅತಿಯಾದ ರೋಗಿಯಲ್ಲಿ ಕಂಡು, ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1912ರಲ್ಲಿ ವಿವರಿಸಿದ್ದರು. ಇನ್ಸುಲಿನ್, ಅಮಿಟ್ರಿಪ್ಟಿಲೀನ್, ಸೋಡಿಯಂ ವಾಲ್ಪ್ರೊಯೇಟ್, ಓಲಾಂಜಪೀನ್ ಮುಂತಾದ ಔಷಧಗಳಿಂದಲೂ ತೂಕ ಏರಬಹುದು.

ಮೂರನೆಯದು ಚಲನೆಯ ಅಭಾವ. ಮೂಳೆ ಮುರಿತ ಅಥವಾ ಹೃದಯಾಘಾತದ ನಂತರ ಓಡಾಟ ನಿಂತು, ಆಹಾರ ಮಾತ್ರ ಮೊದಲಿನಂತೆಯೇ ಮುಂದುವರಿದರೆ ಕೊಬ್ಬು ಶೇಖರವಾಗುತ್ತದೆ.

ಇತರ ಗೋಚರ ಬದಲಾವಣೆಗಳು

ತೀವ್ರ ಜ್ವರ, ಶಸ್ತ್ರಚಿಕಿತ್ಸೆ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳ ನಂತರ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಕಾಯಿಲೆಯ ಹೊಡೆತಕ್ಕೆ ಬಹಳಷ್ಟು ಕೂದಲುಗಳು ಒಟ್ಟಿಗೇ ವಿಶ್ರಾಂತಿಯ ಹಂತಕ್ಕೆ ಹೋಗುವುದು ಇದಕ್ಕೆ ಕಾರಣ. ಆರೋಗ್ಯ ಸುಧಾರಿಸಿದೆ ಎನ್ನುವ ಹೊತ್ತಿಗೆ ಇದು ಆರಂಭವಾಗುವುದರಿಂದ ಕಾಯಿಲೆ ಮರುಕಳಿಸಿತೆಂಬ ಭಯ ಹುಟ್ಟುತ್ತದೆ. ಬೇರುಗಳು ಜೀವಂತವಾಗಿರುವುದರಿಂದ ಸಾಮಾನ್ಯವಾಗಿ ಸುಮಾರು ಆರು ತಿಂಗಳಲ್ಲಿ ಉದುರುವಿಕೆ ನಿಂತು ಹೊಸ ಕೂದಲು ಬರುತ್ತದೆ.

ಉಗುರುಗಳ ಮೇಲೆ ಅಡ್ಡಗೆರೆಗಳು ಮೂಡಬಹುದು. ಫ್ರೆಂಚ್ ವೈದ್ಯ ಜೋಸೆಫ್ ಬೋ 1846ರಲ್ಲಿ ವಿವರಿಸಿದ ಈ ಗೆರೆಗಳು ಕಾಯಿಲೆಯ ದಿನಗಳಲ್ಲಿ ಉಗುರಿನ ಬೆಳವಣಿಗೆ ತಡೆದು ನಿಂತುದರ ಗುರುತು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಗೆರೆಯು ತುದಿಗೆ ಸರಿದು ಮಾಯವಾಗುತ್ತದೆ. ಶಸ್ತ್ರಚಿಕಿತ್ಸೆಯ ಗಾಯದ ಗುರುತು ಮೊದಲ ತಿಂಗಳುಗಳಲ್ಲಿ ಕೆಂಪಾಗಿ ಉಬ್ಬಿದ್ದು, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಿನ ಅವಧಿಯಲ್ಲಿ ಮಸುಕಾಗುತ್ತದೆ. ಸ್ತನ ತೆಗೆಯುವುದು, ಅಂಗಚ್ಛೇದನ, ಹೊಟ್ಟೆಯ ಮೇಲೆ ಮಲವಿಸರ್ಜನೆಯ ದಾರಿ ಮಾಡುವುದು ಮುಂತಾದ ಶಸ್ತ್ರಚಿಕಿತ್ಸೆಗಳ ಬದಲಾವಣೆಗಳಲ್ಲಿ ಹಲವು ಶಾಶ್ವತವಾದವು. ಅಲ್ಲಿ ಹಳೆಯ ರೂಪ ಮರಳುವುದನ್ನು ಕಾಯುವುದಕ್ಕಿಂತ ಹೊಸ ರೂಪದೊಡನೆ ಬದುಕಲು ಕಲಿಯುವುದೇ ಮುಖ್ಯವಾಗುತ್ತದೆ.

ತೂಕ ಮರಳುವ ಕ್ರಮ

ಕಳೆದುಹೋದ ತೂಕ ಹೇಗೆ ಮರಳುತ್ತದೆ ಎಂಬ ತಿಳಿವಳಿಕೆಗೆ ಮಿನ್ನೆಸೋಟ ಉಪವಾಸ ಪ್ರಯೋಗ ಬಹುಮಟ್ಟಿಗೆ ಆಧಾರವಾಗಿದೆ. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ, 1944-45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು ಇದನ್ನು ನಡೆಸಿದರು. ನೈತಿಕ ಕಾರಣಗಳಿಂದ ಯುದ್ಧದಲ್ಲಿ ಹೋರಾಡಲು ನಿರಾಕರಿಸಿದ 36 ಯುವಕರು ಸ್ವಇಚ್ಛೆಯಿಂದ ಪಾಲ್ಗೊಂಡರು. 24 ವಾರಗಳ ಅರೆಹೊಟ್ಟೆಯ ಆಹಾರದಿಂದ ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ನಂತರ ಆಹಾರ ಹೆಚ್ಚಿಸಿದಾಗ ಮೊದಲು ಮರಳಿದ್ದು ಕೊಬ್ಬು. ಸ್ನಾಯು ಪೂರ್ತಿಯಾಗಿ ಮರಳುವ ಮೊದಲೇ ಕೊಬ್ಬು ಹಿಂದಿನ ಪ್ರಮಾಣವನ್ನು ಮೀರಿತ್ತು. ಹೊಟ್ಟೆ ಮತ್ತು ಪೃಷ್ಠಗಳು ದಪ್ಪಗಾದವೆಂದು ಕೆಲವರು ಅಸಮಾಧಾನಪಟ್ಟರು. ಮುಂದಿನ ತಿಂಗಳುಗಳಲ್ಲಿ ಈ ಅನುಪಾತ ಸರಿಹೋಯಿತು. ಈ ಪ್ರಯೋಗದ ವರದಿ 1950ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ತೂಕ ಮರಳಿದರೂ ಶಕ್ತಿ ಮರಳಿರಬೇಕೆಂದಿಲ್ಲ. ಕೆನಡಾದ ಟೊರಾಂಟೊದಲ್ಲಿ ಶ್ವಾಸಕೋಶದ ತೀವ್ರ ವೈಫಲ್ಯದಿಂದ ಬದುಕುಳಿದ 109 ಮಂದಿಯನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ತೀವ್ರ ನಿಗಾ ಘಟಕ ಬಿಡುವಾಗ ಅವರು ಸರಾಸರಿ ಶೇಕಡ 18ರಷ್ಟು ತೂಕ ಕಳೆದುಕೊಂಡಿದ್ದರು. ವರ್ಷಾಂತ್ಯಕ್ಕೆ ಶೇಕಡ 71 ಮಂದಿ ಹಿಂದಿನ ತೂಕಕ್ಕೆ ಮರಳಿದ್ದರು. ಆದರೂ ಸ್ನಾಯುಗಳ ಸವೆತ ಮತ್ತು ದೌರ್ಬಲ್ಯದ ಕಾರಣ, ಆರು ನಿಮಿಷಗಳಲ್ಲಿ ಅವರು ನಡೆಯಬಲ್ಲ ದೂರ ಅವರ ವಯಸ್ಸಿಗೆ ನಿರೀಕ್ಷಿತವಾದುದಕ್ಕಿಂತ ಕಡಿಮೆಯೇ ಇತ್ತು.

ಈ ಎರಡು ನಿದರ್ಶನಗಳಿಂದ ಚೇತರಿಕೆಯ ಕ್ರಮ ಸ್ಪಷ್ಟವಾಗುತ್ತದೆ: ಮೊದಲು ನೀರಿನ ಸಮತೋಲನ, ಬಳಿಕ ಕೊಬ್ಬು, ಕೊನೆಗೆ ಸ್ನಾಯು ಮತ್ತು ಶಕ್ತಿ. ನಡುವಿನ ಹಂತದಲ್ಲಿ ಹೊಟ್ಟೆ ಮುಂದೆ ಬಂದು ಕಾಲುಗಳು ತೆಳುವಾಗಿ ಕಾಣುವುದು ಚೇತರಿಕೆಯ ವೈಫಲ್ಯವಲ್ಲ. ಈ ಹಂತದಲ್ಲಿ ಹೊಟ್ಟೆ ಕರಗಿಸಬೇಕೆಂದು ಊಟ ಬಿಟ್ಟರೆ, ಇನ್ನೂ ಮರಳಬೇಕಾಗಿರುವ ಸ್ನಾಯುವಿಗೇ ಧಕ್ಕೆಯಾಗುತ್ತದೆ.

ಮಾನಸಿಕ ಪರಿಣಾಮಗಳು

ದೇಹದ ರೂಪ ಬದಲಾದಾಗ ದುಃಖ, ನಾಚಿಕೆ, ಸಿಟ್ಟು ಮತ್ತು ಅಪರಿಚಿತಭಾವ ಉಂಟಾಗುವುದು ಸಹಜ. ಜೀವ ಉಳಿದಿರುವಾಗ ರೂಪದ ಬಗ್ಗೆ ಚಿಂತಿಸುವುದು ತಪ್ಪೆಂಬ ಅಪರಾಧಿಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ. ಇದರಿಂದ ರೋಗಿಯು ತನ್ನ ಸಂಕಟವನ್ನು ವೈದ್ಯರೊಡನೆಯಾಗಲಿ ಮನೆಯವರೊಡನೆಯಾಗಲಿ ಹೇಳಿಕೊಳ್ಳುವುದಿಲ್ಲ. ಕನ್ನಡಿ ನೋಡದಿರುವುದು, ಛಾಯಾಚಿತ್ರಕ್ಕೆ ನಿಲ್ಲದಿರುವುದು, ಮದುವೆ ಮುಂಜಿಗಳಿಗೆ ಹೋಗದಿರುವುದು, ಸಂಗಾತಿಯಿಂದ ದೂರ ಸರಿಯುವುದು ಇದರ ಸಾಮಾನ್ಯ ಲಕ್ಷಣಗಳು. ಇದಕ್ಕೆ ವಿರುದ್ಧವಾಗಿ ದಿನಕ್ಕೆ ಹತ್ತಾರು ಬಾರಿ ಕನ್ನಡಿ ನೋಡುವುದು, ತೂಕ ಪರೀಕ್ಷಿಸುವುದು ಸಹ ಅದೇ ಆತಂಕದ ಇನ್ನೊಂದು ರೂಪ.

ತೀವ್ರ ನಿಗಾ ಘಟಕದಿಂದ ಮರಳಿದವರಲ್ಲಿ ದೈಹಿಕ ದೌರ್ಬಲ್ಯ, ಮರೆವು, ಏಕಾಗ್ರತೆಯ ಕೊರತೆ, ಆತಂಕ ಮತ್ತು ಖಿನ್ನತೆಗಳು ಒಟ್ಟಾಗಿ ಕಾಣಿಸಿಕೊಳ್ಳಬಹುದು. ಈ ಸಮೂಹಕ್ಕೆ ತೀವ್ರ ನಿಗಾ ನಂತರದ ಲಕ್ಷಣಕೂಟ ಎಂಬ ಹೆಸರು 2012ರಿಂದ ವೈದ್ಯಕೀಯ ಸಾಹಿತ್ಯದಲ್ಲಿ ಬಳಕೆಗೆ ಬಂದಿದೆ.

ಈ ಸಂಕಟದ ಅತ್ಯಂತ ಅಪಾಯಕಾರಿ ಪರಿಣಾಮವೆಂದರೆ ಮುಖ ಊದಿದೆಯೆಂದು ಸ್ಟೀರಾಯ್ಡ್ ಮಾತ್ರೆಯನ್ನು ರೋಗಿ ತಾನೇ ನಿಲ್ಲಿಸಿಬಿಡುವುದು. ಕೆಲವು ವಾರಗಳ ಕಾಲ ಸ್ಟೀರಾಯ್ಡ್ ಸೇವಿಸಿದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಸಹಜ ಹಾರ್ಮೋನಿನ ತಯಾರಿಕೆಯನ್ನು ತಗ್ಗಿಸಿರುತ್ತವೆ. ಮಾತ್ರೆ ಥಟ್ಟನೆ ನಿಂತರೆ ವಾಂತಿ, ತೀವ್ರ ನಿಶ್ಶಕ್ತಿ, ರಕ್ತದೊತ್ತಡದ ಕುಸಿತ ಉಂಟಾಗಿ ಪ್ರಾಣಾಪಾಯವಾಗಬಹುದು. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಅದಾದ ಮೇಲೆ ಕೆಲವು ತಿಂಗಳುಗಳಲ್ಲಿ ಮುಖ ಸಾಮಾನ್ಯವಾಗಿ ಮೊದಲಿನ ಆಕಾರಕ್ಕೆ ಬರುತ್ತದೆ. ರೂಪದ ಬಗ್ಗೆ ಇರುವ ಬೇಸರವನ್ನು ವೈದ್ಯರಿಗೆ ತಿಳಿಸುವುದು ಚಿಕಿತ್ಸೆಯ ಭಾಗವೇ ಹೊರತು ಕ್ಷುಲ್ಲಕ ವಿಷಯವಲ್ಲ.

ನಿಭಾಯಿಸುವ ಕ್ರಮಗಳು

ತೂಕದ ಪರೀಕ್ಷೆ: ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಗ್ಗೆ ಮೂತ್ರವಿಸರ್ಜನೆಯ ನಂತರ, ಉಪಾಹಾರಕ್ಕೆ ಮೊದಲು ತೂಕ ನೋಡುವುದು ಸಾಮಾನ್ಯವಾಗಿ ಸಾಕಾಗುತ್ತದೆ. ದಿನದಿನದ ಏರಿಳಿತವು ಬಹುಪಾಲು ನೀರಿನದು. ಹೃದಯ ವೈಫಲ್ಯವಿರುವವರು ಇದಕ್ಕೆ ಹೊರತು. ಅವರು ಪ್ರತಿದಿನವೂ ತೂಕ ನೋಡಬೇಕಾಗುತ್ತದೆ. ಮೂರು ದಿನಗಳಲ್ಲಿ 2 ಕಿಲೋಗ್ರಾಂಗಿಂತ ಹೆಚ್ಚು ಏರಿದರೆ ಅದು ಮೈ ತುಂಬಿಕೊಂಡ ಲಕ್ಷಣವಲ್ಲ, ನೀರು ತುಂಬುತ್ತಿರುವ ಸೂಚನೆ.

ಆಹಾರ: ಕಾಯಿಲೆಯಿಂದ ಎದ್ದವರಿಗೆ ತಿಂಗಳುಗಟ್ಟಲೆ ಅಕ್ಕಿ ಗಂಜಿ ಮತ್ತು ತಿಳಿಸಾರಿನ ಪಥ್ಯ ಇಡುವ ರೂಢಿ ಕರ್ನಾಟಕದ ಅನೇಕ ಮನೆಗಳಲ್ಲಿದೆ. ಮೊದಲ ಕೆಲವು ದಿನಗಳಿಗೆ ಅದು ಹಗುರವಾದ ಆಹಾರವಾದರೂ ಸ್ನಾಯು ಕಟ್ಟಲು ಸಾಲದು. 30 ಗ್ರಾಂ ಅಕ್ಕಿಯ ಗಂಜಿಯಲ್ಲಿ ದೊರೆಯುವ ಪ್ರೋಟೀನ್ 2 ಗ್ರಾಂಗಿಂತ ಸ್ವಲ್ಪ ಹೆಚ್ಚು ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಕಾಯಿಲೆಯಿಂದ ಚೇತರಿಸಿಕೊಳ್ಳುವ ಹಿರಿಯರಿಗೆ 1.2ರಿಂದ 1.5 ಗ್ರಾಂವರೆಗೆ ಸೂಚಿಸಲಾಗುತ್ತದೆ. ಎಂದರೆ 55 ಕಿಲೋಗ್ರಾಂ ತೂಕದವರಿಗೆ ದಿನಕ್ಕೆ 66 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 30 ಗ್ರಾಂ ತೊಗರಿಬೇಳೆ ಅಥವಾ ಹುರುಳಿಕಾಳಿನಲ್ಲಿ ಸುಮಾರು 6.5 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ ಪ್ರೋಟೀನ್ ಇರುತ್ತದೆ. ಮೊಳಕೆಕಾಳಿನ ಪಲ್ಯ, ಗಟ್ಟಿಬೇಳೆಯ ಹುಳಿ, ಮೊಸರು, ಕಡಲೆಕಾಯಿ ಚಟ್ನಿ, ಮೀನು ಮತ್ತು ಕೋಳಿಮಾಂಸಗಳನ್ನು ಅವರವರ ಆಹಾರಪದ್ಧತಿಗೆ ಅನುಗುಣವಾಗಿ ಪ್ರತಿ ಊಟಕ್ಕೂ ಹಂಚಿಕೊಳ್ಳಬಹುದು. ಹಸಿವಿಲ್ಲದವರಿಗೆ ಮೂರು ದೊಡ್ಡ ಊಟಗಳಿಗಿಂತ ಐದಾರು ಸಣ್ಣ ಊಟಗಳು ಅನುಕೂಲ. ಮೂತ್ರಪಿಂಡ ಅಥವಾ ಪಿತ್ತಜನಕಾಂಗದ ಕಾಯಿಲೆ ಇರುವವರು ಪ್ರೋಟೀನಿನ ಪ್ರಮಾಣವನ್ನು ವೈದ್ಯರ ಸಲಹೆಯಂತೆಯೇ ನಿರ್ಧರಿಸಬೇಕು. ಐದು ದಿನಗಳಿಗಿಂತ ಹೆಚ್ಚು ಕಾಲ ಆಹಾರವನ್ನೇ ಸೇವಿಸದವರಿಗೆ ಒಮ್ಮೆಲೇ ಹೆಚ್ಚು ಉಣಿಸುವುದು ಅಪಾಯ. ರಕ್ತದಲ್ಲಿನ ಫಾಸ್ಫೇಟ್ ಮತ್ತಿತರ ಲವಣಗಳು ಕುಸಿದು ಹೃದಯದ ಬಡಿತಕ್ಕೆ ತೊಂದರೆಯಾಗಬಹುದು.

ವ್ಯಾಯಾಮ: ತಿಂದ ಪ್ರೋಟೀನ್ ಸ್ನಾಯುವಾಗಿ ಮಾರ್ಪಡಲು ಸ್ನಾಯುವಿಗೆ ಕೆಲಸ ಕೊಡಬೇಕು. ವೈದ್ಯರು ಅಥವಾ ಫಿಸಿಯೋಥೆರಪಿಸ್ಟರ ಒಪ್ಪಿಗೆ ಪಡೆದು, ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ಹಿಮ್ಮಡಿ ಎತ್ತುವುದು, ಮನೆಯ ಅಂಗಳದಲ್ಲಿ ನಡೆಯುವುದು ಇವುಗಳಿಂದ ಆರಂಭಿಸಬಹುದು. ಎದೆನೋವು, ತಲೆಸುತ್ತು ಅಥವಾ ಹೆಚ್ಚಿನ ಉಸಿರಾಟದ ತೊಂದರೆಯಾದರೆ ನಿಲ್ಲಿಸಬೇಕು.

ಅಳತೆಯ ಬದಲಾವಣೆ: ರೂಪ ಮತ್ತು ತೂಕಗಳ ಬದಲು ಸಾಮರ್ಥ್ಯವನ್ನು ದಾಖಲಿಸುವುದು ಉಪಯುಕ್ತ ವಿಧಾನ. ಕೈಯೂರದೆ ಎಷ್ಟು ಬಾರಿ ಕುರ್ಚಿಯಿಂದ ಎದ್ದದ್ದು, ಎಷ್ಟು ಮೆಟ್ಟಿಲು ಹತ್ತಿದ್ದು, ಯಾರ ನೆರವೂ ಇಲ್ಲದೆ ಸ್ನಾನ ಮಾಡಿದ್ದು ಯಾವ ದಿನ ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟರೆ, ಕನ್ನಡಿಯಲ್ಲಿ ಕಾಣದ ಪ್ರಗತಿ ಅಲ್ಲಿ ಕಾಣುತ್ತದೆ.

ಉಡುಪು ಮತ್ತು ಕನ್ನಡಿ: ಹಳೆಯ ಬಟ್ಟೆ ಹಿಡಿಸುವವರೆಗೆ ಕಾಯುವ ಬದಲು ಈಗಿನ ಮೈಗೆ ಹೊಂದುವ ಎರಡು ಮೂರು ಜೊತೆ ಬಟ್ಟೆಗಳನ್ನು ಹೊಲಿಸಿಕೊಳ್ಳುವುದು ಅಥವಾ ದರ್ಜಿಯಿಂದ ಸರಿಪಡಿಸಿಕೊಳ್ಳುವುದು ಲೇಸು. ಗಾಯದ ಗುರುತನ್ನು ನೋಡಲು ಹಿಂಜರಿಯುವವರು ಮೊದಲು ಬಟ್ಟೆಯ ಮೇಲಿಂದ, ಆಮೇಲೆ ಕೆಲವೇ ಕ್ಷಣ ನೇರವಾಗಿ, ಹೀಗೆ ಕ್ರಮೇಣ ರೂಢಿಸಿಕೊಳ್ಳಬಹುದು.

ಕುಟುಂಬ ಮತ್ತು ಸಂದರ್ಶಕರ ಪಾತ್ರ

ಕಾಯಿಲೆಯವರನ್ನು ನೋಡಲು ಹೋಗುವುದು ಕನ್ನಡ ನಾಡಿನ ಸಮಾಜದಲ್ಲಿ ಕರ್ತವ್ಯವೆಂದೇ ಪರಿಗಣಿತವಾಗಿದೆ. ಆದರೆ ಬಂದವರ ಮೊದಲ ಮಾತು ಹೆಚ್ಚಾಗಿ ದೇಹದ ಬಗ್ಗೆಯೇ ಇರುತ್ತದೆ. “ಎಷ್ಟು ಇಳಿದುಹೋಗಿದ್ದೀರಿ”, “ಗುರುತೇ ಸಿಗಲಿಲ್ಲ”, “ಆಸ್ಪತ್ರೆಯ ಊಟ ಚೆನ್ನಾಗಿ ಮೈಗೆ ಹತ್ತಿದೆ” ಎಂಬ ಮಾತುಗಳಲ್ಲಿ ಕೇಡು ಬಯಸುವ ಉದ್ದೇಶವಿಲ್ಲ, ಅಕ್ಕರೆಯೇ ಇದೆ. ಆದರೂ ಅದೇ ಮಾತನ್ನು ಹತ್ತು ಜನರಿಂದ ಕೇಳಿದ ರೋಗಿಗೆ ತನ್ನ ದೇಹ ಪ್ರದರ್ಶನಕ್ಕಿಟ್ಟ ವಸ್ತುವಾದಂತೆ ಭಾಸವಾಗುತ್ತದೆ. “ಈಗ ಹೇಗನಿಸುತ್ತದೆ”, “ಏನಾದರೂ ತಂದುಕೊಡಲೇ” ಎಂಬ ಪ್ರಶ್ನೆಗಳು ಅದೇ ಕಾಳಜಿಯನ್ನು ನೋವಿಲ್ಲದೆ ತಲುಪಿಸುತ್ತವೆ.

ಮನೆಯವರು ಬಲವಂತವಾಗಿ ತಿನ್ನಿಸುವುದು ಅಥವಾ ತಟ್ಟೆಯನ್ನು ನೋಡುತ್ತ ಟೀಕಿಸುವುದಕ್ಕಿಂತ ಜೊತೆಯಲ್ಲಿ ಕುಳಿತು ಊಟ ಮಾಡುವುದು ಫಲಕಾರಿ. ರೋಗಿ ತಾನೇ ಮಾಡಬಲ್ಲ ಸಣ್ಣಪುಟ್ಟ ಕೆಲಸಗಳನ್ನು ಅವರಿಗೇ ಬಿಡುವುದರಿಂದ ಸ್ನಾಯುವಿಗೂ ಆತ್ಮವಿಶ್ವಾಸಕ್ಕೂ ಬಲ ಬರುತ್ತದೆ.

ವಿಶೇಷ ಸಂದರ್ಭಗಳು

ಕ್ಷಯರೋಗ: ಕ್ಷಯರೋಗಿಗಳಲ್ಲಿ ತೂಕ ಹೆಚ್ಚುವುದು ಚಿಕಿತ್ಸೆ ಫಲಿಸುತ್ತಿರುವುದರ ಮುಖ್ಯ ಸೂಚನೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಸಂಶೋಧಕರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡವರಲ್ಲಿ ಸಾವಿನ ಅಪಾಯ ಗಣನೀಯವಾಗಿ ಕಡಿಮೆ ಇತ್ತು. ಪೌಷ್ಟಿಕ ಆಹಾರಕ್ಕಾಗಿ ಕೇಂದ್ರ ಸರ್ಕಾರವು 2018ರಲ್ಲಿ ಆರಂಭಿಸಿದ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ ನೆರವನ್ನು 2024ರ ನವೆಂಬರ್‌ನಿಂದ 500 ರೂಪಾಯಿಯಿಂದ 1000 ರೂಪಾಯಿಗೆ ಏರಿಸಲಾಗಿದೆ.

ಆಹಾರಸೇವನೆಯ ಮನೋರೋಗಗಳು: ದಪ್ಪಗಾಗುವ ತೀವ್ರ ಭಯದಿಂದ ಆಹಾರ ತ್ಯಜಿಸುವ ಅನೊರೆಕ್ಸಿಯಾ ನರ್ವೋಸಾದಂತಹ ಕಾಯಿಲೆಗೆ ಆಸ್ಪತ್ರೆ ಸೇರಿದವರಲ್ಲಿ ತೂಕ ಏರಿಸುವುದೇ ಚಿಕಿತ್ಸೆಯ ಒಂದು ಗುರಿ. ಹೀಗಾಗಿ ಚೇತರಿಕೆಯೇ ಅವರಿಗೆ ಭಯದ ಸಂಗತಿಯಾಗುತ್ತದೆ. “ಈಗ ಆರೋಗ್ಯವಾಗಿ ಕಾಣುತ್ತಿದ್ದೀಯ” ಎಂಬ ಮೆಚ್ಚುಗೆಯೂ ಅವರಿಗೆ ದಪ್ಪಗಾಗಿದ್ದೀಯ ಎಂದೇ ಕೇಳಿಸಬಹುದು. ಮನೆಗೆ ಬಂದ ಮೇಲೂ ಮನೋವೈದ್ಯರು ಮತ್ತು ಆಹಾರತಜ್ಞರ ಮೇಲ್ವಿಚಾರಣೆ ಮುಂದುವರಿಯಬೇಕು.

ಹದಿಹರೆಯದವರು: ಶಾಲೆಗೆ ಮರಳುವ ಮಕ್ಕಳು ಅಡ್ಡಹೆಸರು ಮತ್ತು ಅಣಕಗಳಿಗೆ ಗುರಿಯಾಗುವ ಸಾಧ್ಯತೆ ಹೆಚ್ಚು. ವಿದ್ಯಾರ್ಥಿಯ ಒಪ್ಪಿಗೆ ಪಡೆದು ತರಗತಿಯ ಶಿಕ್ಷಕರಿಗೆ ಮೊದಲೇ ವಿಷಯ ತಿಳಿಸಿದರೆ, ಆಟದ ಅವಧಿಯಲ್ಲಿ ರಿಯಾಯಿತಿ ಮತ್ತು ಸಹಪಾಠಿಗಳಿಗೆ ತಿಳಿಹೇಳುವುದು ಸಾಧ್ಯವಾಗುತ್ತದೆ.

ವೈದ್ಯಕೀಯ ನೆರವು ಪಡೆಯಬೇಕಾದ ಸಂದರ್ಭಗಳು

ಮನೆಗೆ ಬಂದ ನಂತರವೂ ತೂಕ ಇಳಿಯುತ್ತಲೇ ಇರುವುದು, ನುಂಗಲು ತೊಂದರೆ, ನಿಲ್ಲದ ವಾಂತಿ ಭೇದಿ, ಕಾಲು ಅಥವಾ ಹೊಟ್ಟೆಯ ಊತ ಹೆಚ್ಚುವುದು, ಮಲಗಿದಾಗ ಉಸಿರು ಕಟ್ಟುವುದು, ಒಂದೇ ಕಾಲು ಊದಿ ನೋಯುವುದು ಇವುಗಳಲ್ಲಿ ಯಾವುದು ಕಂಡುಬಂದರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಒಂದೇ ಕಾಲಿನ ಊತವು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು.

ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿರುವುದು, ನಿದ್ರೆ ಇಲ್ಲದಿರುವುದು, ಉದ್ದೇಶಪೂರ್ವಕವಾಗಿ ಊಟ ಬಿಡುವುದು, ಬದುಕು ಬೇಡವೆನಿಸುವುದು ಮಾನಸಿಕ ಆರೋಗ್ಯ ತಜ್ಞರ ನೆರವು ಬೇಕೆಂಬುದರ ಸೂಚನೆಗಳು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಉನ್ನತ ಕೇಂದ್ರವಾಗಿದ್ದು, ಕನ್ನಡದಲ್ಲಿಯೂ ಆಪ್ತಸಲಹೆ ಪಡೆಯಬಹುದು.